ನವಣಿ ಮಿಷನ್

ಹತ್ತೊಂಬತ್ತರ ಪೋರನೊಬ್ಬ ಎದೆಯ ಮೇಲೆ ‘ಹಿರಿಯ’ ಅಂತ ಬಿಲ್ಲೆ ಸಿಕ್ಕಿಸಿಕೊಂಡು ಓಡಾಡುವುದನ್ನು ನಾನು ನೋಡಿದ್ದು 2013ರಲ್ಲಿ, ಬೆಂಗಳೂರಿನ ಮಗಳ ಬಾಡಿಗೆ ಮನೆಯಲ್ಲಿ. ಕರಿ ಬಿಲ್ಲೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಎಲ್ಡರ್’ ಅಂತಿತ್ತು. ನನಗೀಗ ಅರವತ್ತೆರಡು. ನಮ್ಮ ಮನೆಯಲ್ಲಿ ಇವತ್ತಿನವರೆಗೆ ಯಾರೂ ನನ್ನನ್ನು ಆ ಅರ್ಥದಲ್ಲಿ ಹಿರಿಯ ಎಂದು ಕರೆದಿಲ್ಲ.

ಪಕ್ಕದ ಮನೆಯ ತೆಲುಗಿನವರು ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ಅವರ ಮನೆಗೆ ಊಟಕ್ಕೆ ಬಂದ, ಅದೇ ಪಂಥದ ಇಬ್ಬರು ಪ್ರಚಾರಕ ಹುಡುಗರು ಬೀಗ ಹಾಕಿದ ಬಾಗಿಲು ಕಂಡು ನಮ್ಮಲ್ಲಿ ಕೂತರು. ಒಬ್ಬ ರಾಜಮಂಡ್ರಿ ಕಡೆಯವನು. ಇನ್ನೊಬ್ಬ ಅಮೆರಿಕದ ಐಡಹೋ ಎಂಬ ಆಲೂಗಡ್ಡೆ ಸೀಮೆಯವನು, ಬೇಯಿಸಿದ ಆಲೂಗಡ್ಡೆಯಷ್ಟೇ ಮೃದು. ನಮ್ಮಾಕಿ ಕೇಳದೆಯೇ ಚಹಾ ತಂದಿಟ್ಟಳು. ಇಬ್ಬರೂ ಕೈ ಮುಗಿದು, ಬೇಡ ಅಂದರು. ಅವರ ಪಂಥದಲ್ಲಿ ಚಹಾ, ಕಾಫಿ, ಹೆಂಡ, ಹೊಗೆಸೊಪ್ಪು ಯಾವುದೂ ಇಲ್ಲ. 1833ರಲ್ಲಿ ಅವರ ಪ್ರವಾದಿ ಜೋಸೆಫ್ ಸ್ಮಿತ್ ಹಾಕಿಕೊಟ್ಟ ಪಥ್ಯ ಅದು. ಸಿಂಧನೂರಿನಿಂದ ಬಂದವಳಿಗೆ ಇದು ಹೇಗೆ ಗೊತ್ತಾಗಬೇಕು? ಕಪ್ಪು ಹಿಂದಕ್ಕೆ ಒಯ್ಯುವಾಗ ಅವಳ ಮುಖ, ಸಂಬಂಧ ಮುರಿದ ಬೀಗತಿಯ ಮುಖದಂತಿತ್ತು. ಕೊನೆಗೆ ಹಾಲು ಕುಡಿದು ಮರ್ಯಾದೆ ಉಳಿಸಿದರು.

ನನಗೆ ಅವರು ಧರ್ಮ ಹೇಳಲಿಲ್ಲ. ನಾನೇ ಕೆದಕಿ ಕೆದಕಿ ಅವರ ವಾರ ಕೇಳಿದೆ. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ಸಿನಿಮಾ ಇಲ್ಲ, ಟಿವಿ ಇಲ್ಲ, ಹುಡುಗಿಯರ ಸುದ್ದಿ ಇಲ್ಲ. ಜೊತೆಗಾರನನ್ನು ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ. ಬಚ್ಚಲ ಮನೆಯೊಂದೇ ಸ್ವಾತಂತ್ರ್ಯ. ಬಿಡುವಿನ ದಿನ ಅಂತ ವಾರಕ್ಕೊಂದಿದೆ, ಅವತ್ತು ಬಟ್ಟೆ ಒಗೆದು, ಸಂತೆ ಮಾಡಿ, ಮನೆಗೆ ಕಾಗದ ಬರೆಯಬೇಕು. ಮನೆಗೆ ಫೋನ್ ವರ್ಷಕ್ಕೆ ಎರಡೇ ಸಲ, ಕ್ರಿಸ್ಮಸ್ಸಿಗೊಮ್ಮೆ, ತಾಯಂದಿರ ದಿನಕ್ಕೊಮ್ಮೆ. (2019ರಿಂದ ವಾರಕ್ಕೊಮ್ಮೆ ಮಾಡಬಹುದಂತೆ. ಯಾವ ತಾಯಿ ಜಗಳ ತೆಗೆದಳೋ.) ಹೀಗೆ ಎರಡು ವರ್ಷ, ಅದೂ ಸ್ವಂತ ಖರ್ಚಿನಲ್ಲಿ. 1850ರ ದಶಕದಲ್ಲೇ ಇವರ ಹಿರಿಯರು ಹಡಗು ಹತ್ತಿ ಕಲ್ಕತ್ತೆಗೆ ಬಂದು, ಹೆಚ್ಚುಕಡಿಮೆ ಬರಿಗೈಲಿ ವಾಪಸಾಗಿದ್ದರು. ಆದರೂ ಹುಡುಗರು ಬರುವುದು ನಿಂತಿಲ್ಲ. 1993ರಿಂದ ಬೆಂಗಳೂರೇ ಒಂದು ಮಿಷನ್ನಿನ ಠಾಣೆ.

‘ದಿನಾ ಎಷ್ಟು ಮಂದಿ ಬೇಡ ಅಂತಾರೆ?’ ಅಂತ ಕೇಳಿದೆ.

‘ಎಲ್ಲರೂ’ ಅಂತ ಐಡಹೋದವನು ನಕ್ಕ.

ಆ ನಗು ಹತ್ತು ವರ್ಷ ನನ್ನೊಳಗೆ ಕೂತಿತ್ತು. 2023ರಲ್ಲಿ ಮೊಳಕೆ ಒಡೆಯಿತು. ಆ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂತ ಸಾರಿತ್ತು. ಏಳು ವರ್ಷದಿಂದ ‘ಅನ್ನ ಕಡಿಮಿ ಮಾಡ್ರಿ’ ಅಂತ ಹೇಳಿ ಹೇಳಿ ಸೋತ ಡಾಕ್ಟರು ನನ್ನ ಶುಗರ್ ಚೀಟಿ ನೋಡಿ ಮಾತೇ ಆಡದೆ ನಿಟ್ಟುಸಿರು ಬಿಟ್ಟಿದ್ದರು. ನವಣೆ ತಿಂದರೆ ದೇಹ ನೆಟ್ಟಗಾಗುತ್ತದೆ ಎಂದು ಓದಿದೆ. ಸಾಮಾನ್ಯ ಮನುಷ್ಯನಾಗಿದ್ದರೆ ತಾನು ತಿಂದು ಸುಮ್ಮನಿರುತ್ತಿದ್ದ. ನನಗೆ ಊರಿಗೆಲ್ಲ ತಿನ್ನಿಸಬೇಕು ಅನ್ನಿಸಿತು. ದೀಪಾವಳಿ ಮುಗಿದದ್ದೇ ಒಂದು ವಾರದ ಮಿಷನ್ ಗೊತ್ತುಮಾಡಿದೆ. ಅರ್ಧ ಕಿಲೋದ ಹದಿನಾಲ್ಕು ಪೊಟ್ಟಣ ನವಣೆ ಅಕ್ಕಿ ಕಟ್ಟಿ, ಪ್ರತಿ ಪೊಟ್ಟಣದ ಮೇಲೆ ‘ಆರೋಗ್ಯವೇ ಭಾಗ್ಯ’ ಅಂತ ಸ್ಕೆಚ್ ಪೆನ್ನಿನಲ್ಲಿ ಗುಂಡಗೆ ಬರೆದೆ.

ಜಾಗದ ಬಗ್ಗೆ ಒಂದು ಮಾತು ಹೇಳಬೇಕು. ಸಿಂಧನೂರಿನಲ್ಲಿ ನವಣೆ ಪ್ರಚಾರ ಮಾಡುವುದೆಂದರೆ ಉಡುಪಿಯಲ್ಲಿ ನಿಂತು ದೋಸೆ ಬಿಡಿ ಎಂದ ಹಾಗೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಇದು ಭತ್ತದ ಸೀಮೆ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಸಾಲು ಸಾಲು ರೈಸ್ ಮಿಲ್ಲು, ಸುಗ್ಗಿಯಲ್ಲಿ ರಸ್ತೆ ತುಂಬ ಭತ್ತ ಕೊಯ್ಯುವ ಮಷೀನು. ಗಾಳಿಯಲ್ಲೇ ತೌಡು. ಇಲ್ಲಿಯವರು ಸೋನಾ ಮಸೂರಿಯ ಒಂದು ಕಾಳು ಹಲ್ಲಲ್ಲಿ ಕಚ್ಚಿ, ಹೊಸದೋ ಹಳೇದೋ ಹೇಳಬಲ್ಲರು.

ಸೋಮವಾರ ಆರೂವರೆಗೆ ಅಲಾರಂ ಇಟ್ಟು, ತಪಸ್ವಿಯಂತೆ ಎದ್ದೆ. ನಮ್ಮಾಕಿ ಆಗಲೇ ಅಂಗಳ ಸಾರಿಸಿ, ನೀರು ತುಂಬಿ, ಎರಡನೇ ಚಹಾ ಕುಡಿಯುತ್ತಿದ್ದಳು. ಅಮೆರಿಕದವರ ಕಟ್ಟುನಿಟ್ಟು ನಮ್ಮ ಮನೆಯಲ್ಲಿ ಸೋಮಾರಿತನಕ್ಕೆ ಸಮ.

‘ಇವತ್ತು ಬಟ್ಟಿ ನಾನೇ ಒಗೀತೀನಿ. ನಿಯಮ’ ಅಂದೆ.

‘ಎಷ್ಟು ದಿನದ ನಿಯಮರೀ?’

‘ಒಂದು ವಾರ.’

‘ಹಂಗಾರ ಚಾದರಾನೂ ಹಾಕ್ತೀನಿ ತಡೀರಿ’ ಅಂತ ಮನೆಯ ಅಷ್ಟೂ ಚಾದರ ತಂದು ಒಟ್ಟಿದಳು. ಹೊಸ ಬಿಳಿ ಅಂಗಿ ಎರಡು ಕೊಂಡಿದ್ದೆ, ಅವುಗಳಿಗೆ ನೀಲಿ ಹಾಕಿದೆ. ನಾಲ್ಕು ಹನಿ ಎಂಬುದು ಗೊತ್ತಿರಲಿಲ್ಲ, ನಾಲ್ಕು ಮುಚ್ಚಳ ಸುರಿದೆ. ಒಣಗಿದ ಮೇಲೆ ಬೆನ್ನಿನ ಮೇಲೊಂದು ದಪ್ಪ ನೀಲಿ ಗೆರೆ, ಅದರಿಂದ ಅಕ್ಕಪಕ್ಕ ಸಣ್ಣ ಸಣ್ಣ ಗೆರೆ. ಎಡದಂಡೆ ಕಾಲುವೆಯ ನಕ್ಷೆ ಅದಕ್ಕಿಂತ ಚಂದ ಯಾವ ಇಂಜಿನಿಯರೂ ಬರೆದಿರಲಾರ. ಕಾಲುವೆಯ ನೀರು ಮುಟ್ಟದ ಟೇಲ್ ಎಂಡಿಗೆ, ಅಂದರೆ ನನ್ನ ಸೊಂಟದ ಹತ್ತಿರ, ನೀಲಿ ಮುಟ್ಟಿರಲಿಲ್ಲ. ಅಲ್ಲೂ ವಾಸ್ತವಕ್ಕೆ ಹತ್ತಿರವೇ.

ಅದನ್ನೇ ತೊಟ್ಟು, ಹೆಸರಿನ ಬಿಲ್ಲೆ ಸಿಕ್ಕಿಸಿಕೊಂಡು ಮಂಗಳವಾರ ನಮ್ಮ ಓಣಿಯ ಹಿಂದಿನ ಓಣಿಗೆ ಹೋದೆ. ಬಾಗಿಲಲ್ಲಿ ನಿಂತ ಹೆಣ್ಣುಮಗಳು ಬಿಲ್ಲೆ ನೋಡಿದ್ದೇ, ‘ಶುಕ್ರವಾರ ಕಟ್ತೀವ್ರಿ ಸರ, ಈ ವಾರ ಒಂದ್ ತಪ್ಪೇತಿ’ ಅಂತ ಒಳಗೆ ಸರಿದಳು. ಸಂಘದ ಸಾಲದ ಕಂತು ವಸೂಲಿಗೆ ಬಂದವನು ಅಂತ ತಿಳಿದಿದ್ದಳು. ಎರಡನೇ ಮನೆಯಲ್ಲೂ ಅದೇ. ಮೂರನೇ ಮನೆಗೆ ಹೋಗುವಷ್ಟರಲ್ಲಿ ಓಣಿಗೆ ಓಣಿಯೇ ಬಾಗಿಲು ಹಾಕಿತ್ತು. ಬಿಲ್ಲೆ ತೆಗೆದು ಜೇಬಿಗೆ ಹಾಕಿದೆ. ಕೂಡಲೇ ಬಾಗಿಲು ತೆರೆದವು. ‘ಅಯ್ಯ, ನೀವೇನ್ರಿ? ಬರ್ರಿ, ಕುಂದರ್ರಿ, ಚಾ ಕುಡೀರಿ.’

ಇಲ್ಲೇ ನನ್ನ ಮಿಷನ್ ಕುಸಿಯಿತು. ಆ ಹುಡುಗರಿಗೆ ಜಗತ್ತು ಬಾಗಿಲು ಮುಚ್ಚಿ ಕಷ್ಟ ಕೊಡುತ್ತದೆ. ನಮ್ಮ ಕಡೆ ಬಾಗಿಲು ತೆರೆದು ಕಷ್ಟ ಕೊಡುತ್ತಾರೆ. ಮುಚ್ಚಿದ ಬಾಗಿಲ ಮುಂದೆ ಛಲ ಹುಟ್ಟೀತು. ಬಸಿಯಲ್ಲಿ ಚಹಾ, ಮೇಲೊಂದಿಷ್ಟು ಚೂಡಾ ಇಟ್ಟು ‘ಏನೋ ಹೇಳಾಕ ಬಂದಿದ್ರಲ್ರಿ?’ ಅಂತ ಕಣ್ಣರಳಿಸಿ ಕೂತವರಿಗೆ, ಸಕ್ಕರೆ ವಿಷ ಅಂತ ಹೇಗೆ ಹೇಳುವುದು? ಅದೂ ಬಾಯಿ ತುಂಬ ಅವರದೇ ಸಕ್ಕರೆ ಇಟ್ಟುಕೊಂಡು? ಮೊದಲ ದಿನವೇ ಏಳು ಚಹಾ ಆಯಿತು. ಐಡಹೋದ ಹುಡುಗ ನಮ್ಮ ಮನೆಯಲ್ಲಿ ಒಂದು ಕಪ್ಪನ್ನು ಬೇಡ ಅಂದದ್ದು ಎಂಥ ಪರಾಕ್ರಮ ಅಂತ ಅವತ್ತು ಅರ್ಥವಾಯಿತು.

ಬುಧವಾರ ಹೆಂಡತಿಯ ತವರು ಮಸ್ಕಿಗೆ ಹೊರಟೆವು. ಜೊತೆಗಾರನಿಲ್ಲದೆ ಹೋಗುವ ಹಾಗಿಲ್ಲವಲ್ಲ, ನಮ್ಮಾಕಿಯನ್ನೇ ಜೊತೆಗಾರನನ್ನಾಗಿ ನೇಮಿಸಿದೆ. ‘ತವರಮನಿಗೆ ಕರಕೊಂಡು ಹೋಗೂದಾದ್ರ ನಿಮ್ಮ ಯಾವ ಧರ್ಮಕ್ಕಾದ್ರೂ ಸೇರ್ತೀನಿ’ ಅಂದಳು. ವಾರದ ಏಕೈಕ ಮತಾಂತರ ಅದು. ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಅವಳಿಗೆ ಪುಕ್ಕಟೆ ಟಿಕೆಟ್, ನನಗೆ ಪೂರ್ತಿ ದರ, ಸೀಟೂ ಅವಳಿಗೇ. ಧರ್ಮಪ್ರಚಾರಕ ಸ್ವಂತ ಖರ್ಚಿನಲ್ಲಿ ಹೋಗಬೇಕೆಂಬ ನಿಯಮವನ್ನು ಸರ್ಕಾರವೇ ನನ್ನಿಂದ ಪಾಲಿಸಿತು.

ಮಸ್ಕಿಯಲ್ಲಿ ಇಳಿದವನು ಮೊದಲು ಅಶೋಕನ ಬಂಡೆ ನೋಡೋಣ ಅಂದೆ. 1915ರಲ್ಲಿ ಬೀಡನ್ ಎಂಬ ಇಂಜಿನಿಯರು ಈ ಕಡೆಯ ಗುಡ್ಡಗಳಲ್ಲಿ ಬಂಗಾರ ಹುಡುಕುತ್ತಾ ಬಂದು ಈ ಶಾಸನ ಕಂಡ. ಅಲ್ಲಿಯವರೆಗೆ ಗೊತ್ತಿದ್ದ ಶಾಸನಗಳಲ್ಲೆಲ್ಲ ‘ದೇವರಿಗೆ ಪ್ರಿಯನಾದವನು’ ಎಂಬಂಥ ಬಿರುದುಗಳಷ್ಟೇ ಇದ್ದವು; ಆ ಬಿರುದಿನವನೇ ಅಶೋಕ ಅಂತ ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಊರೂರಿಗೆ ಧರ್ಮ ಹೇಳಲು ಜನರನ್ನು ಅಟ್ಟಿದ ಮಹಾರಾಯ ಅವನು. ನನಗೆ ಹಿಡಿಸಿದ್ದು ಅವನು ಒಪ್ಪಿಕೊಂಡ ಸಂಗತಿ. ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿ ಆಯಿತು, ಹುರುಪು ಬಂದದ್ದು ಸಂಘದ ಹತ್ತಿರ ಹೋದ ಮೇಲೆ ಎಂಬ ಅರ್ಥದ ಮಾತು ಅಲ್ಲಿದೆ. ಚಕ್ರವರ್ತಿಗೇ ಮೊದಮೊದಲು ಮೈಗಳ್ಳತನ!

‘ನೋಡು, ಅಶೋಕನಿಗೇ ಎರಡೂವರಿ ವರ್ಷ ಬೇಕಾತು. ನಾನು ಏಳು ವರ್ಷ ತಗೊಂಡೆ. ಅದ್ರಾಗೇನೈತಿ?’

‘ಅವಾ ಕಲ್ಲಿನ ಮ್ಯಾಲ ಬರಸ್ಯಾನ. ನೀವು ಪ್ಲಾಸ್ಟಿಕ್ಕಿನ ಮ್ಯಾಲ ಬರದೀರಿ’ ಅಂದಳು ಜೊತೆಗಾರ್ತಿ. ‘ನಡೀರಿ, ಹಸಿವಿ.’

ಬಸ್ ನಿಲ್ದಾಣದ ಬಳಿ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ, ಪಕ್ಕದಲ್ಲಿ ಮಂಡಾಳ ಒಗ್ಗರಣಿ. ಹೊರಪದರು ಕರುಂ ಅನ್ನುತ್ತಿತ್ತು. ಒಳಗಿನ ಮೆಣಸಿನಕಾಯಿ ಇನ್ನೂ ಹಬೆಯಾಡುತ್ತಿತ್ತು. ಬಂಗಾರ ಹುಡುಕಿ ಬಂದವನಿಗೆ ಮಸ್ಕಿಯಲ್ಲಿ ಧರ್ಮ ಸಿಕ್ಕಿತು. ಧರ್ಮ ಹೇಳಲು ಬಂದ ನನಗೆ ಮಿರ್ಚಿ ಸಿಕ್ಕಿತು. ಎಷ್ಟು ತಿಂದೆ ಅಂತ ನಾನು ಹೇಳುವುದಿಲ್ಲ. ಜೊತೆಗಾರ್ತಿ ಲೆಕ್ಕ ಇಟ್ಟಿದ್ದಾಳೆ.

ಅತ್ತೆಗೆ ಎಂಬತ್ತಾರು. ಗೋಡೆಗೆ ಆತು ಕೂತಿದ್ದವರ ಕೈಗೆ ಪೊಟ್ಟಣ ಕೊಟ್ಟೆ. ಕಣ್ಣು ಕಾಣುವುದಿಲ್ಲ. ಗಂಟು ಬಿಚ್ಚಿ ಒಂದು ಚಿಟಿಕೆ ಅಂಗೈಗೆ ಹಾಕಿ, ಹೆಬ್ಬೆರಳಲ್ಲಿ ತಿಕ್ಕಿದರು. ಮೂಸಿದರು.

‘ನವಣಿ ಅಲ್ಲೇನ್ರಿ ಇದು, ಅಳಿಯಂದ್ರ?’

‘ಹೌದ್ರಿ ಅತ್ತಿ. ಅನ್ನದ ಬದಲಿ ಇದನ್ನ ಉಂಡ್ರ ಸಕ್ಕರಿ ಕಾಯಿಲೆ ಬರೂದಿಲ್ಲ.’

ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಧಾನಕ್ಕೆ ಶುರು ಮಾಡಿದರು. ‘ನಾ ಸಣ್ಣಾಕಿ ಇದ್ದಾಗ ದಿನಾ ಇದೇ. ನವಣಿ, ಸಜ್ಜಿ, ಜ್ವಾಳ. ಕುಟ್ಟಿ ಕುಟ್ಟಿ ನಮ್ಮವ್ವನ ಅಂಗೈ ಒಡ್ಡುಗಟ್ಟಿತ್ತು. ನೆಲ್ಲಕ್ಕಿ ಅನ್ನ ಅಂದ್ರ ಹಬ್ಬಕ್ಕ, ಇಲ್ಲಂದ್ರ ಬೀಗರು ಬಂದ್ರ. ಜ್ವರ ಬಂದ್ರೂ ಒಂದ್ ಮುಷ್ಟಿ ಅನ್ನ ಕೊಡ್ತಿದ್ರು, ಅದಕ್ಕಂತ ನಾನು ಜ್ವರ ಬಂದೈತಿ ಅಂತ ಸುಳ್ಳು ಹೇಳ್ತಿದ್ದೆ. ಡ್ಯಾಂ ಕಟ್ಟಿದ್ರು, ಕೆನಾಲ್ ಬಂತು, ದಿನಾ ಅನ್ನ ಕಂಡ್ವಿ. ಈಗ ನೀವು ಬಂದು ಮತ್ತ ನವಣಿ ತಿನ್ನು ಅಂತೀರಿ.’ ಅಂಗೈಯ ಕಾಳನ್ನು ಪೊಟ್ಟಣಕ್ಕೇ ಸುರಿದರು, ಒಂದೂ ಚೆಲ್ಲಲಿಲ್ಲ. ‘ಸಿಂಧನೂರಾಗ ಅಕ್ಕಿ ತುಟ್ಟಿ ಆಗೇತೇನ್ರಿ? ರೊಕ್ಕದ ಅಡಚಣಿ ಇದ್ರ ಹೇಳ್ರಿ.’

ಮೈದುನ ಬಾಗಿಲಲ್ಲಿ ನಿಂತು, ‘ಎರಡನೇ ಬೆಳಿಗೆ ಕೆನಾಲಿಗೆ ನೀರು ಬಿಡೂದಿಲ್ಲ ಅಂತ ಊರೆಲ್ಲ ಅಳಾಕತ್ತೇತಿ, ಮಾವಾರು ಈಗ ಅನ್ನ ಬಿಡ್ರಿ ಅನ್ನಾಕ ಬಂದಾರ’ ಅಂದ. ನನ್ನ ಪರವಾಗಿ ಜೊತೆಗಾರ್ತಿ ಒಂದು ಮಾತೂ ಆಡಲಿಲ್ಲ. ಅವಳು ತಾಯಿಯ ಹತ್ತಿರ ಕೂತು ಅನ್ನ-ಸಾರು ಉಣ್ಣುತ್ತಿದ್ದಳು. ಹತ್ತು ನಿಮಿಷಕ್ಕೆ ನಾನೂ.

ಗುರುವಾರ ಲಿಂಗಸುಗೂರಿನ ಅಕ್ಕನ ಮನೆ. ಭಾವ ಹಟ್ಟಿ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ನೆಲದೊಳಗೆ ಇಳಿದು ಹತ್ತಿದವರು, ಮಾತು ಕಡಿಮೆ. ನನ್ನ ಉಪನ್ಯಾಸ ಮುಕ್ಕಾಲು ಗಂಟೆ ಕೇಳಿ, ‘ತಮ್ಮಾ, ಒಂದ್ ಟನ್ ಕಲ್ಲು ಅರದ್ರ ಮೂರ್ನಾಕು ಗ್ರಾಂ ಬಂಗಾರ ಬರತೈತಿ. ನಿನ್ನ ಮಾತೂ ಹಂಗ. ಅರೀತಾ ಇರು’ ಅಂದು ನಿದ್ದೆ ಹೋದರು. ಎದ್ದ ಮೇಲೆ ಇನ್ನೊಂದು ಮಾತು ಸೇರಿಸಿದರು. ಮುದಗಲ್ಲಿಗೆ ಆದಿಲ್‌ಶಾಹಿ ಕಾಲದಲ್ಲೇ ಪಾದ್ರಿಗಳು ಬಂದಿದ್ದರಂತೆ, ಅವರ ಒಕ್ಕಲು ಇವತ್ತಿಗೂ ಅಲ್ಲಿದೆ. ‘ಅವರು ಇಲ್ಲೇ ಇದ್ದು ನಮ್ಮ ರೊಟ್ಟಿ ತಿಂದ್ರು. ನೀನು ಸಂಜಿ ಬಸ್ಸಿಗೆ ಹೊಂಟೀಯಲ್ಲೋ.’ ಅಕ್ಕ ಪೊಟ್ಟಣ ಮಾತ್ರ ಪ್ರೀತಿಯಿಂದ ಇಸಿದುಕೊಂಡು ಮಾಡಿನ ಮೇಲಿಟ್ಟಳು. ಹೋಳಿಗೆ ಬಡಿಸಿದಳು.

ಶುಕ್ರವಾರ ಹೊಟ್ಟೆ ಕೆಟ್ಟಿತ್ತು. ನಿಯಮದ ಪ್ರಕಾರ ಜೊತೆಗಾರರಿಲ್ಲದೆ ಹೋಗಬಹುದಾದ ಒಂದೇ ಜಾಗದಲ್ಲಿ ದಿನ ಕಳೆದೆ.

ಶನಿವಾರ ಉಳಿದ ಪೊಟ್ಟಣ ಹಿಡಿದು ಸೈಕಲ್ ಮೇಲೆ ಆರ್.ಎಚ್. ಕ್ಯಾಂಪಿನ ತನಕ ಹೋದೆ. ಪೂರ್ವ ಬಂಗಾಲ ಬಿಟ್ಟು ಬಂದು, ಸರ್ಕಾರ ಕೊಟ್ಟ ನೆಲದಲ್ಲಿ ಊರು ಕಟ್ಟಿಕೊಂಡ ಜನ. ಒಂದು ಮನೆಯ ಮುಂದೆ ಮೀನು ಕುದಿಯುವ ವಾಸನೆ, ಅಗಲ ತಾಟಿನಲ್ಲಿ ಗುಡ್ಡದಂತೆ ಬಿಳಿ ಅನ್ನ. ಯಜಮಾನರು ನನಗಿಂತ ಚಂದದ ಕನ್ನಡದಲ್ಲಿ ಊಟಕ್ಕೆ ಕರೆದರು. ಧೈರ್ಯ ಸಾಲಲಿಲ್ಲ. ದಾರಿ ತಪ್ಪಿ ಬಂದೆ ಅಂತ ಸುಳ್ಳು ಹೇಳಿ ತಿರುಗಿದೆ.

ಭಾನುವಾರ ಮಗಳಿಗೆ ಫೋನ್ ಮಾಡಿ ವಾರದ ವರದಿ ಒಪ್ಪಿಸಿದೆ. ‘ಅಪ್ಪಾ, ನೀನಾದ್ರೂ ನವಣಿ ತಿಂದ್ಯೋ ಇಲ್ಲೋ?’ ಅಂದಳು. ಈ ಪ್ರಶ್ನೆಯನ್ನು ವಾರವೆಲ್ಲ ಯಾರೂ ಕೇಳಿರಲಿಲ್ಲ. ಸಿಗ್ನಲ್ ಹೋಯಿತು ಅಂದೆ.

ಎಳ್ಳಮವಾಸ್ಯೆಗೆ ಅಕ್ಕನ ಹೊಲಕ್ಕೆ ಚರಗ ಚೆಲ್ಲಲು ಕರೆದಿದ್ದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳ ಹಿಂಡಿ. ಯಾರ ಉಪದೇಶವೂ ಇಲ್ಲದೆ ಎಲ್ಲರೂ ಮೂರು ಮೂರು ರೊಟ್ಟಿ ಮುರಿದರು. ಹೊರಡುವಾಗ ಅಕ್ಕ ನಮ್ಮಾಕಿಗೆ ಉಡಿ ತುಂಬಿದಳು. ರಾತ್ರಿ ಮನೆಗೆ ಬಂದು ಇವಳು ಉಡಿಯ ಗಂಟು ಬಿಚ್ಚಿದರೆ ಕುಬ್ಬಸದ ಕಣ, ತೆಂಗಿನಕಾಯಿ, ಉತ್ತತ್ತಿ. ಅಕ್ಕಿ ಇರಬೇಕಾದಲ್ಲಿ ಒಂದು ಪ್ಲಾಸ್ಟಿಕ್ ಪೊಟ್ಟಣ. ಮೇಲೆ ಗುಂಡನೆಯ ಅಕ್ಷರ.

ದೀಪದ ಬೆಳಕಿಗೆ ಹಿಡಿದು ನೋಡಿದಳು.

‘ನುಸಿ ಹತ್ತ್ಯಾವ್ರಿ. ಮರ ತಗೊಂಡು ಬರ್ರಿ, ನೀವೇ ಕೇರ್ರಿ’ ಅಂದಳು.