ಲುಂಗಿ ಉಟ್ಟ ಜನರಲ್ಲು

2010ರ ನವೆಂಬರ್ 6. ರಂಗೂನಿನ ಚಹಾದಂಗಡಿ. ನಾಳೆ ಮತದಾನ. ಮೂಲೆಯಲ್ಲಿ ಕೂತವನು ಪತ್ರಿಕೆ ಓದುತ್ತಿಲ್ಲ, ಹಿಡಿದುಕೊಂಡಿದ್ದಾನಷ್ಟೆ; ಹಾಗಾಗಿ ಮಾತೆಲ್ಲ ಪಿಸುದನಿಯಲ್ಲೇ.

“ಮೇಷ್ಟ್ರೇ, 37 ಪಕ್ಷ ನಿಂತಿವೆಯಂತೆ! ಯಾರಿಗೆ ಹಾಕೋದು?”

“ಯಾರಿಗಾದ್ರೂ ಹಾಕಪ್ಪ. ಎಣಿಸೋರು ಒಬ್ಬರೇ.”

“ತೇನ್ ಸೇನ್ ಜನರಲ್ ಅಲ್ವಾ, ಹೇಗೆ ನಿಂತರು?”

“ಏಪ್ರಿಲ್‌ನಲ್ಲಿ ಸಮವಸ್ತ್ರ ಬಿಚ್ಚಿದ್ರಲ್ಲ. ಲುಂಗಿ ಉಟ್ಟೋರೆಲ್ಲ ನಾಗರಿಕರೇ.”

“ಬಿಚ್ಚದವರು?”

“ಅವರಿಗೆ ಚುನಾವಣೆಯ ರಗಳೆಯೇ ಇಲ್ಲ. ನೂರಕ್ಕೆ 25 ಸೀಟು ಸಂವಿಧಾನವೇ ಹಾಸಿಟ್ಟಿದೆ. ಆ ಸಂವಿಧಾನ ತಿದ್ದೋಕೆ 75ಕ್ಕಿಂತ ಹೆಚ್ಚು ಬೇಕು.”

“ನೂರರಲ್ಲಿ 25 ಕಳೆದರೆ…”

“ಕಳೀಬೇಡವೋ! ಈ ಊರಲ್ಲಿ ಲೆಕ್ಕ ಬರೋದೂ ಅಪಾಯ.”

“1990ರಲ್ಲಿ ಸೂಕಿ ಅಮ್ಮನ ಪಕ್ಷ ಗೆದ್ದಿತ್ತಲ್ಲ?”

“392 ಸೀಟು. ಉತ್ತರ ಹಿಡಿಸಲಿಲ್ಲ, ಹೊಸ ಪ್ರಶ್ನೆಪತ್ರಿಕೆ ಬರೆಯೋಕೆ 20 ವರ್ಷ ತಗೊಂಡ್ರು.”

“ಆಯಮ್ಮ ಈಗ?”

“ಗೃಹಬಂಧನ. 13ಕ್ಕೆ ಅವಧಿ ಮುಗಿಯುತ್ತೆ, ಮತದಾನ 7ಕ್ಕೆ. ಎಂಥ ಮುಹೂರ್ತ ನೋಡು!”

ಪತ್ರಿಕೆಯವನು ಪುಟ ತಿರುವಿದ.

“ಚಹಾಕ್ಕೆ ಸಕ್ಕರೆ ಜಾಸ್ತಿಯಾಯ್ತು ಕಣಯ್ಯಾ,” ಎಂದರು ಮೇಷ್ಟ್ರು, ಈಗ ಜೋರಾಗಿ.