ಬಲಂ ಪಾಳೆಪಟ್ಟು: ಆಡುವವರಿಗೆ ಕೈಪಿಡಿ

ಪೆಟ್ಟಿಗೆ ಬಿಚ್ಚುವ ಮೊದಲು

ಕಂಪ್ಯೂಟರ್ ಮುಂದೆ ರಾತ್ರಿಯೆಲ್ಲ ಕೂತು ಚೀನಾದ ಸೇನಾಧಿಪತಿಗಳ ಆಟ ಆಡಿ ಕೈ ಪಳಗಿದವರಿಗಾಗಿ ಈ ಕೈಪಿಡಿ. ‘ಹಾರ್ಟ್ಸ್ ಆಫ್ ಐರನ್’ ಆಟಕ್ಕೆ ಅಭಿಮಾನಿಗಳೇ ಕಟ್ಟಿದ ‘ಕೈಸರ್‌ರೈಖ್’ ನಿಮಗೆ ಗೊತ್ತು. ಮೊದಲ ಮಹಾಯುದ್ಧವನ್ನು ಜರ್ಮನಿ ಗೆದ್ದುಬಿಟ್ಟಿದೆ, ಇಸವಿ 1936, ಚೀನಾ ಚೂರುಚೂರಾಗಿದೆ. ಒಂದು ಚೂರನ್ನು ಆರಿಸಿಕೊಂಡು, ಶಾನ್ಶಿಯ ಯಾನ್ ಶಿಶಾನ್ ಆಗಿ ಕೂತು, ಕೋಳಿ ಕೂಗುವಷ್ಟರಲ್ಲಿ ಇಡೀ ದೇಶ ಒಂದು ಮಾಡಿ ಮಲಗುತ್ತೀರಿ.

ಈ ಆಟದಲ್ಲಿ ಆ ಸುಖವಿಲ್ಲ. ಇಲ್ಲಿ ನೀವು ಬಲಂ ಪಾಳೆಪಟ್ಟಿನ, ಅಂದರೆ ಬೇಲೂರು ಸೀಮೆಯ, ನಾಯಕರು. ಮುಂದಿನ ಸುಗ್ಗಿಯ ಹೊತ್ತಿಗೆ ತಲೆ ಕುತ್ತಿಗೆಯ ಮೇಲೆಯೇ ಇದ್ದರೆ ಗೆದ್ದಿರಿ ಎಂದು ಲೆಕ್ಕ. ದೇಶ ಒಂದು ಮಾಡುವ ಗುಂಡಿ ಎಲ್ಲಿದೆ ಎಂದು ಹುಡುಕಬೇಡಿ. ಅದು ಯಾವಾಗಲೂ ಬೇರೆಯವರ ಕೈಯಲ್ಲಿರುತ್ತದೆ.

ನಕ್ಷೆ

ಬಲಕ್ಕೆ ಅರಸೀಕೆರೆ: ಬಯಲು, ತೆಂಗು, ಮಳೆ ಕಡಿಮೆ, ಕುದುರೆ ದಂಡು ಸಲೀಸಾಗಿ ಓಡುವ ನೆಲ. ನಡುವೆ ಹಳೇಬೀಡು, ಬೇಲೂರು. ಎಡಕ್ಕೆ ಸಕಲೇಶಪುರ, ಐಗೂರು, ಅರೆಕೆರೆಯ ಕಾಡು, ಕೊನೆಗೆ ಕರಾವಳಿಗಿಳಿಯುವ ಬಿಸಿಲೆ ಘಾಟಿ. ಬಲದಿಂದ ಎಡಕ್ಕೆ ಹೋದಷ್ಟೂ ಕಂದಾಯ ಕಡಿಮೆ, ಆಯಸ್ಸು ಹೆಚ್ಚು. ಹೊಟ್ಟೆ ತುಂಬಿಸುವುದು ಬಯಲು, ಪ್ರಾಣ ಉಳಿಸುವುದು ಮಲೆ.

ಚೀನಾದ ಆಟದಿಂದ ಬಂದವರು ಮೊದಲು ಜಂಕ್ಷನ್ ಹುಡುಕುತ್ತಾರೆ. ಅಲ್ಲಿ ಅದೇ ಸರಿ. ಎರಡು ದೊಡ್ಡ ರೈಲುಮಾರ್ಗ ಕೂಡುವ ಝೆಂಗ್‌ಝೌ ಯಾರ ಕೈಗೆ ಸಿಕ್ಕಿತೋ ಅವನ ದಂಡಿಗೆ ಕಾಲು ಬಂದಂತೆ. ಆ ಚಪಲಕ್ಕೆ ಇಲ್ಲಿಯೂ ಅರಸೀಕೆರೆಯ ಮೇಲೆ ಬೆರಳಿಡುತ್ತೀರಿ. ಇಡಬೇಡಿ. ರೈಲು ಬರುವ ಹೊತ್ತಿಗೆ ನಿಮ್ಮ ಪಾಳೆಪಟ್ಟೇ ಇರುವುದಿಲ್ಲ. ಈಗಿನಂತೆ ಬೆಂಗಳೂರು, ಹುಬ್ಬಳ್ಳಿ, ಮೈಸೂರು ಮೂರೂ ಕಡೆಯ ಗಾಡಿ ಅಲ್ಲಿ ನಿಂತು ನಿಮಗೆ ಕಾಫಿ ಸಿಗುವುದು ಬೇರೆಯದೇ ಆಟ.

ಇಸವಿ ಆರಿಸಿಕೊಳ್ಳುವುದು

ಹೊಸಬರು 1117 ಒತ್ತಲಿ. ನೀವಾಗ ಹೊಯ್ಸಳ ವಿಷ್ಣುವರ್ಧನ. ಅಂಗಡಿ ಎಂಬ ಊರಿನ ಕಡೆಯ ಮಲೆನಾಡಿನಿಂದ ಇಳಿದು ಬಂದ ಮನೆತನ, ಹಿಂದಿನ ವರ್ಷವೇ ತಲಕಾಡಿನಲ್ಲಿ ಚೋಳರನ್ನು ಬಡಿದ ಹುಮ್ಮಸ್ಸು, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ. ಪರದೆಯ ತುಂಬ ಬಿರುದು ಸಾಲುಗಟ್ಟುತ್ತವೆ. ಆದರೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವುದನ್ನೂ ಓದಿಕೊಳ್ಳಿ: ಮಹಾಮಂಡಲೇಶ್ವರ. ಅಂದರೆ ಕಲ್ಯಾಣದಲ್ಲಿ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಎಂಬ ಒಡೆಯ ಇನ್ನೂ ಇದ್ದಾನೆ.

‘ಸ್ವತಂತ್ರ’ ಗುಂಡಿಯನ್ನು ಬೇಗ ಒತ್ತಿದರೆ ಏನಾಗುತ್ತದೆ ಎಂಬುದಕ್ಕೆ ಇಲ್ಲೇ ಪಾಠವಿದೆ. 1118ರ ಸುಮಾರಿಗೆ ಚಾಲುಕ್ಯರ ಹನ್ನೆರಡು ಸಾಮಂತರ ದಂಡು ಕಣ್ಣೇಗಾಲದಲ್ಲಿ ಬೀಡು ಬಿಟ್ಟಾಗ ನಿಮ್ಮ ದಂಡನಾಯಕ ಗಂಗರಾಜ ರಾತ್ರೋರಾತ್ರಿ ಮೇಲೆ ಬಿದ್ದು ಚದುರಿಸುತ್ತಾನೆ. ಏನು ಬೇಕೋ ಕೇಳು ಎಂದರೆ ಒಂದು ಹಳ್ಳಿ ಕೇಳಿ, ಅದನ್ನೂ ಬಸದಿಗಳಿಗೆ ಬಿಟ್ಟುಕೊಡುತ್ತಾನೆ. ಇಂಥ ದಂಡನಾಯಕ ಸಿಕ್ಕಿದರೆ ಆಟ ನಿಲ್ಲಿಸಿ ಕೈ ಮುಗಿಯಿರಿ, ಮತ್ತೆ ಸಿಗುವುದಿಲ್ಲ. ಕೆಲವೇ ವರ್ಷಗಳಲ್ಲಿ ಕಲ್ಯಾಣದವರು ಸಿಂದರ ಆಚುಗಿಯನ್ನು ಛೂ ಬಿಡುತ್ತಾರೆ, ನೀವು ಮತ್ತೆ ತಲೆ ಬಾಗಿಸುತ್ತೀರಿ. ಆ ಗುಂಡಿ ನಿಜವಾಗಿ ಕೆಲಸ ಮಾಡುವುದು ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲಕ್ಕೆ, 1190ರ ದಶಕದಲ್ಲಿ. ಆಗ ಚಾಲುಕ್ಯರೇ ಮುಳುಗುವ ಹಡಗು. ಮೂರು ತಲೆಮಾರು ಕಾಯುವ ತಾಳ್ಮೆ ಇರುವವರು ಮಾತ್ರ 1117 ಆಡಿ.

1524 ಸೋಮಾರಿಗಳಿಗೆ ಒಳ್ಳೆಯದು. ಕೃಷ್ಣದೇವರಾಯನ ಹಡಪ ಹಿಡಿದ ಮನೆತನದ ಯರ ಕೃಷ್ಣಪ್ಪ ನಾಯಕನಿಗೆ ಬೇಲೂರು ಸೀಮೆ ಒಲಿದು ಬರುತ್ತದೆ. ವೀಳ್ಯದ ಚೀಲ ಹೊತ್ತು ರಾಯನ ಪಕ್ಕ ನಿಂತವನಿಗೆ ಸಿಗುವುದು ಕತ್ತಿ ಹಿಡಿದು ದೂರ ನಿಂತವನಿಗೆ ಸಿಗುವುದಿಲ್ಲ. ಇದು ಆಟದ ದೋಷವಲ್ಲ, ದುರಸ್ತಿಗೆ ಕಳಿಸಬೇಡಿ.

ಆಳುಗಳ ನಿಷ್ಠೆ

ಚೀನಾದ ಆಟದಲ್ಲಿ ನಿಷ್ಠೆಯೂ ಸಂತೆಯ ಸರಕು. 1924ರ ಅಕ್ಟೋಬರಿನಲ್ಲಿ ಸೇನಾಧಿಪತಿ ವು ಪೇಯ್‌ಫು ಉತ್ತರದಲ್ಲಿ ಕಾದಾಡುತ್ತಿರುವಾಗ ಅವನದೇ ಸೇನಾನಿ ಫೆಂಗ್ ಯುಶಿಯಾಂಗ್ ಹಿಂದಿರುಗಿ ಬಂದು ಬೀಜಿಂಗನ್ನೇ ಹಿಡಿದುಕೊಂಡ. ಎದುರಾಳಿಯ ಪಡೆಯನ್ನು ಬೆಳ್ಳಿ ನಾಣ್ಯ ಎಣಿಸಿ ಕೊಳ್ಳುವುದು ಅಲ್ಲಿ ನಾಚಿಕೆಯ ಮಾತಾಗಿರಲಿಲ್ಲ.

ನಮ್ಮ ಆಟದಲ್ಲಿ ಈ ನಿಷ್ಠೆಯ ಮೀಟರ್ ಇನ್ನೊಂದು ತುದಿಗೂ ಹೋಗುತ್ತದೆ. ಎಷ್ಟು ದೂರ ಎಂದು ನೋಡಬೇಕಾದರೆ ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರದ ಗೋಡೆಯ ಆನೆಗಳ ಸಾಲಿಗೆ ಎಲ್ಲರೂ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ಅವರನ್ನು ದಾಟಿ ದೇವಸ್ಥಾನದ ಪಕ್ಕದಲ್ಲಿ ಒಂಟಿಯಾಗಿ ನಿಂತ ಕಂಬದ ಹತ್ತಿರ ಬನ್ನಿ. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನದು ಅದು. ರಾಜ ಸತ್ತಾಗ ಇವನೂ, ಹೆಂಡತಿ ಸುಗ್ಗಲದೇವಿಯೂ, ಗರುಡರೆಂಬ ಹೆಸರಿನ ಇವರ ಆಳುಗಳೂ ಪ್ರಾಣ ಬಿಟ್ಟರು. ಕಂಬದಲ್ಲಿ ಸಣ್ಣ ಸಣ್ಣ ಮೂರ್ತಿಗಳಿವೆ. ಕತ್ತಿ ಹಿಡಿದ ಮನುಷ್ಯರು, ಒಬ್ಬೊಬ್ಬನೂ ತನ್ನ ಕೈಯನ್ನೋ ಕಾಲನ್ನೋ ತಲೆಯನ್ನೋ ತಾನೇ ಅರಿದುಕೊಳ್ಳುತ್ತಿರುವವರು. ಶತ್ರು ಎಲ್ಲೂ ಇಲ್ಲ.

ಆಡುವವರು ಇದನ್ನು ಹೇಗೆ ಬಳಸಿಕೊಳ್ಳಬೇಕು ಎಂದು ನನ್ನನ್ನು ಕೇಳಬೇಡಿ. ನಿಷ್ಠೆ ನೂರಕ್ಕೆ ನೂರು ಮುಟ್ಟಿದ ದಂಡು, ಒಡೆಯ ಹೋದ ಮಾರನೆಯ ದಿನ ಆಟಕ್ಕೇ ಇರುವುದಿಲ್ಲ. ಎಂಬತ್ತರ ಆಸುಪಾಸಿನಲ್ಲಿ ಇಟ್ಟುಕೊಳ್ಳುವುದು ಕ್ಷೇಮ.

ಒಡೆಯನನ್ನು ಬದಲಿಸುವ ಕ್ರಮ

ಇಡೀ ಆಟದ ಗುಟ್ಟು ಈ ಭಾಗದಲ್ಲಿದೆ. ಇದಕ್ಕೆ 1792 ಒತ್ತಿ. ನೀವು ಬಲಂನ ಕೃಷ್ಣಪ್ಪ ನಾಯಕ. ಶ್ರೀರಂಗಪಟ್ಟಣದಲ್ಲಿ ಟಿಪ್ಪು, ಅದರ ಸುತ್ತ ಇಂಗ್ಲಿಷ್ ಕುಂಪಣಿಯ ಕಾರ್ನ್‌ವಾಲಿಸನ ದಂಡು, ಮರಾಠರ ಪರಶುರಾಮ ಭಾವೂ, ಪಕ್ಕದಲ್ಲಿ ಕೊಡಗಿನ ರಾಜ. ಇಷ್ಟು ಜನ ದೊಡ್ಡವರು ಒಂದೇ ಕಡೆ ಸೇರಿರುವುದು ಚಿಕ್ಕವನಿಗೆ ಹಬ್ಬ.

ಮೊದಲನೆಯ ನಡೆ: ಪರಶುರಾಮ ಭಾವೂ ಪಾಳೆಯಕ್ಕೆ ಹೋಗಿ ಸೇರಿ. ಎರಡನೆಯದು: ಅವರವರಲ್ಲೇ ರಾಜಿಯಾಗಿ ಎಲ್ಲರೂ ಮನೆಗೆ ಹೊರಟಾಗ, ಟಿಪ್ಪುವಿನ ಸಿಟ್ಟಿಗೆ ಸಿಗದಂತೆ ಕೊಡಗಿಗೆ ಓಡಿ. ಇಲ್ಲಿ ಆಟ ಮುಗಿಯಿತು ಎಂದುಕೊಂಡು ಕಂಪ್ಯೂಟರ್ ಆರಿಸುವವರೇ ಹೆಚ್ಚು. ಆರಿಸಬೇಡಿ. ಟಿಪ್ಪುವೇ ಕರೆಸಿ ಐಗೂರು ಸೀಮೆ ಕೊಡುತ್ತಾನೆ. ಹುಟ್ಟುವಳಿ 5,000 ವರಹ. ಉಳಿದ ನೆಲ ಅವನಿಗೆ. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ನೂರು ವರ್ಷ ಆಯಸ್ಸು ಎನ್ನುವ ಗಾದೆಗೆ ಇಷ್ಟು ಅಚ್ಚುಕಟ್ಟಾದ ಉದಾಹರಣೆ ನಮ್ಮ ಹಾಸನ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಆದರೆ ಸಕಲೇಶಪುರದ ಹತ್ತಿರದ ಗುಡ್ಡದ ಮೇಲೆ ಎಂಟು ಮೂಲೆಯ ನಕ್ಷತ್ರದಂತಿರುವ ಮಂಜರಾಬಾದ್ ಕೋಟೆಯನ್ನೂ ಟಿಪ್ಪು ಇದೇ ಹೊತ್ತಿಗೆ ಕಟ್ಟಿಸುತ್ತಾನೆ. ಅದು ನಿಮಗೆ ಕಾವಲೋ, ನಿಮ್ಮ ಮೇಲೆ ಕಾವಲೋ, ಹೇಳುವುದಿಲ್ಲ.

ದಂಗೆ ಎದ್ದವನನ್ನು ಟಿಪ್ಪು ಕರೆದು ಸೀಮೆ ಕೊಟ್ಟದ್ದು ಔದಾರ್ಯಕ್ಕಲ್ಲ. ತಾನು ಕೊಡದಿದ್ದರೆ ಇವನು ಮರಾಠರ ಬಳಿಗೋ ಕುಂಪಣಿಯವರ ಬಳಿಗೋ ಹೋಗುತ್ತಾನೆ, ಘಾಟಿ ದಾರಿಯನ್ನೂ ಜೊತೆಗೆ ಒಯ್ಯುತ್ತಾನೆ. ಚೀನಾದ ಸೇನಾಧಿಪತಿಗಳು ಒಬ್ಬರನ್ನೊಬ್ಬರು ಹೊಡೆದು ಮತ್ತೆ ಅಪ್ಪಿಕೊಂಡು ವರ್ಷಗಟ್ಟಲೆ ಬದುಕಿದ್ದೂ ಹೀಗೆಯೇ. ಮೇಲೆ ಇಬ್ಬರಾದರೂ ಇರುವ ತನಕ ಚಿಕ್ಕವನಿಗೆ ಬೆಲೆ.

ಕಠಿಣ ಹಂತ: 1799

ಟಿಪ್ಪು ಸತ್ತ. ಪರದೆಯ ಮೇಲೆ ಒಡೆಯರ ಪಟ್ಟಿ ತೆರೆದುಕೊಳ್ಳುತ್ತದೆ, ಅದರಲ್ಲಿ ಒಂದೇ ಹೆಸರು: ಕುಂಪಣಿ.

ಆಗ ಕೆಲವರು ಧೋಂಡಿಯಾ ವಾಘನನ್ನು ಆರಿಸಿಕೊಳ್ಳುತ್ತಾರೆ. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದು, ದಂಡು ಕಟ್ಟಿ, ತನ್ನನ್ನು ಉಭಯಲೋಕಾಧೀಶ್ವರ ಎಂದು ಕರೆದುಕೊಂಡವನು. ಬಿರುದು ಚೆನ್ನಾಗಿದೆ, ಆದರೆ 1800ರ ಸೆಪ್ಟೆಂಬರ್ 10ಕ್ಕೆ ಒಂದು ಲೋಕ ಕೈಬಿಟ್ಟು ಹೋಗುತ್ತದೆ. ಹೊಡೆದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಇಂಥ ಎದುರಾಳಿಯನ್ನು ಹಾಸನ ಜಿಲ್ಲೆಯ ಆಟಕ್ಕೆ ತಂದು ಬಿಟ್ಟಿದ್ದು ಅನ್ಯಾಯ ಎಂದು ಬಹಳ ಜನ ದೂರುತ್ತಾರೆ. ನಾನೂ ಒಪ್ಪುತ್ತೇನೆ.

ಬಲಂನಲ್ಲಿ ಈಗ ನೀವು ಕೃಷ್ಣಪ್ಪನ ಮಗ ವೆಂಕಟಾದ್ರಿ ನಾಯಕ. ಅಪ್ಪ ಆಡಿದ್ದನ್ನೇ ಆಡಲು ಹೊರಡುತ್ತೀರಿ: ಅರೆಕೆರೆಯ ಕಾಡಿನಲ್ಲಿ ಬೇಲಿ ಬಿಗಿದು, ಘಾಟಿ ಹಿಡಿದು ಕೂತರೆ ಯಾರಾದರೂ ಕರೆದು ಏನಾದರೂ ಕೊಡುತ್ತಾರೆ ಎಂದು. ಆದರೆ ಮೈಸೂರಿಗೂ ಮಂಗಳೂರಿಗೂ ನಡುವಿನ ಆ ಘಾಟಿ ದಾರಿ ಈಗ ಎರಡೂ ತುದಿಯಲ್ಲಿ ಕುಂಪಣಿಗೇ ಬೇಕು. ಹಿಂದೆ ದಾರಿಗೆ ಅಡ್ಡ ಕೂತವನಿಗೆ ಸೀಮೆ ಸಿಗುತ್ತಿತ್ತು, ಈಗ ಫಿರಂಗಿ ಬರುತ್ತದೆ. 1800ರಲ್ಲಿ ಒಮ್ಮೆ ಅರೆಕೆರೆ ಬಿದ್ದರೂ ನೀವು ಕೈಗೆ ಸಿಗುವುದಿಲ್ಲ. ಮತ್ತೆ ಬಂದು ಕೂರುತ್ತೀರಿ. 1802ರ ಜನವರಿಯಲ್ಲಿ ವೆಲ್ಲೆಸ್ಲಿ ತಾನೇ ಬರುತ್ತಾನೆ. ಫೆಬ್ರವರಿಯಲ್ಲಿ ನಿಮ್ಮನ್ನು ಹಿಡಿದು ನೇಣಿಗೆ ಹಾಕುತ್ತಾರೆ.

ಶಾನ್ಶಿಯ ಯಾನ್ ಶಿಶಾನ್ ತನ್ನ ಪ್ರಾಂತ್ಯದೊಳಗೆ ಕಿರಿದಾದ ಹಳಿ ಹಾಕಿಸಿದ; ಹೊರಗಿನ ಅಗಲದ ಹಳಿಯ ಬೋಗಿ ಅದರ ಮೇಲೆ ಓಡುವಂತಿರಲಿಲ್ಲ. ಅವನ ಜಾಣತನ ಇಲ್ಲಿ ಬಳಸಲು ಬರುವುದಿಲ್ಲ; ಇಲ್ಲಿ ದಾರಿ ಹಾಕುವವರು ಹೊರಗಿನವರೇ. ಆಟ ಮುಗಿದ ಮೇಲೂ ಪರದೆ ಸ್ವಲ್ಪ ಹೊತ್ತು ಉರಿಯುತ್ತಿರುತ್ತದೆ. ಆಗ ಹಳ್ಳಿಗಳಿಂದ ಕೋವಿ, ಕತ್ತಿ ವಸೂಲಾಗುತ್ತವೆ, ಅರೆಕೆರೆಯ ಕಾಡು ಕಡಿದು ರಸ್ತೆ ಮಾಡುತ್ತಾರೆ. ರಸ್ತೆ ಮೂಡಿದ ಮೇಲೆ ‘ಮತ್ತೆ ಆಡು’ ಗುಂಡಿ ಒತ್ತಬಹುದು. 1799 ಮಾತ್ರ ಬೇಡ.