‘ಇತರೆ’ ಚೌಕದ ಹುಡುಗಿ

ಮುಂಬಯಿ ಮಹಾನಗರ ಮತ್ತು ಉಪನಗರಗಳ ಸಮಸ್ತ ಕನ್ನಡ ಸಂಘ, ಜಾತಿ ಸಂಘ, ಊರಿನ ಹೆಸರಿನ ಸಂಘ ಹಾಗೂ ಸಂಘದೊಳಗಿನ ಸಂಘಗಳ ಅಧ್ಯಕ್ಷರು, ಗೌರವಾಧ್ಯಕ್ಷರು, ವಿದ್ಯಾರ್ಥಿವೇತನ ಉಪಸಮಿತಿಯ ಕಾರ್ಯಾಧ್ಯಕ್ಷರು – ಇವರ ಸನ್ನಿಧಿಗೆ,



ಈ ಸಾಲಿನ ನಿಮ್ಮ ವಿದ್ಯಾರ್ಥಿವೇತನ ವಿತರಣಾ ಸಮಾರಂಭಗಳು ಯಥಾಪ್ರಕಾರ ವಿಜೃಂಭಣೆಯಿಂದ ಜರುಗಿದವೆಂದು ಪತ್ರಿಕೆಯಲ್ಲಿ ಓದಿ, ಒಂದೆರಡನ್ನು ಹಿಂದಿನ ಸಾಲಿನಲ್ಲಿ ಕೂತು ಕಣ್ಣಾರೆ ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ವೇದಿಕೆಯಲ್ಲಿ ಕುರ್ಚಿ ಸಾಲದೆ ಮತ್ತೊಂದು ಸಾಲು ಹಾಕಿಸಿದ್ದು, ನಿಜವಾದ ಚೆಕ್ಕಿಗಿಂತ ಥರ್ಮೋಕೋಲಿನ ಚೆಕ್ಕು ದೊಡ್ಡದಾಗಿದ್ದದ್ದು, ಐದು ಸಾವಿರ ರೂಪಾಯಿ ಪಡೆದ ಹುಡುಗನನ್ನು ದಾನಿಗಳೆಲ್ಲ ಒಬ್ಬೊಬ್ಬರಾಗಿ ಪಕ್ಕಕ್ಕೆಳೆದು ಫೋಟೊ ತೆಗೆಸಿಕೊಂಡದ್ದು, ಯಾವುದರಲ್ಲೂ ಕೊರತೆ ಇರಲಿಲ್ಲ. ಆದರೆ ಈ ಪತ್ರ ನೀವು ಕೊಟ್ಟದ್ದಕ್ಕಲ್ಲ, ಕೊಡದೆ ಉಳಿಸಿದ್ದಕ್ಕೆ ಅಭಿನಂದನೆ ಹೇಳಲು. ಶಾಲೆಯಲ್ಲಿ ಗಣಿತ ಅಥವಾ ವಿಜ್ಞಾನ ಕಲಿಸುತ್ತೇನೆಂದು ಹೊರಟ ಒಬ್ಬರಿಗಾದರೂ ‘ಅದಕ್ಕಾಗಿಯೇ’ ಎಂದು ಹಣ ಕೊಟ್ಟು ದಂಡ ಮಾಡಿದ್ದನ್ನು ನಾನು ಈವರೆಗೆ ಕಂಡಿಲ್ಲ.

ನಿಮ್ಮಲ್ಲೊಬ್ಬರ ಅರ್ಜಿ ನಮೂನೆ ನನ್ನ ಮುಂದಿದೆ. ಯಾರದೆಂದು ಹೇಳುವುದಿಲ್ಲ, ನಿಮ್ಮ ನಮೂನೆಗಳೆಲ್ಲ ಒಂದೇ ಝೆರಾಕ್ಸ್ ಯಂತ್ರದ ಮಕ್ಕಳು. ‘ಮುಂದಿನ ವ್ಯಾಸಂಗ’ ಎಂಬಲ್ಲಿ ಚೌಕಗಳು: ವೈದ್ಯಕೀಯ, ಇಂಜಿನಿಯರಿಂಗ್, ಸಿ.ಎ., ಎಂ.ಬಿ.ಎ., ಹೋಟೆಲ್ ಮ್ಯಾನೇಜ್‌ಮೆಂಟ್, ವಿದೇಶ ವ್ಯಾಸಂಗ. ಕಟ್ಟಕಡೆಗೆ, ಪುಟ ಮುಗಿಯುವ ಮೂಲೆಯಲ್ಲಿ, ‘ಇತರೆ’. ನಮ್ಮ ಕಟ್ಟಡದ ಹುಡುಗಿಯೊಬ್ಬಳು, ಹನ್ನೆರಡನೆಯ ತರಗತಿಯ ಗಣಿತದಲ್ಲಿ ನೂರಕ್ಕೆ ತೊಂಬತ್ತಾರು ಪಡೆದವಳು, ಆ ಮೂಲೆಯ ಚೌಕಕ್ಕೆ ಗುರುತು ಹಾಕಿ ಪಕ್ಕದಲ್ಲಿ ‘ಗಣಿತ ಟೀಚರ್’ ಎಂದು ಬರೆದಳು. ಜಾಗ ಸಾಲದೆ ‘ಟೀಚರ್’ ಹಾಳೆಯ ಅಂಚಿಗೆ ಬಿತ್ತು. ಸಂದರ್ಶನದಲ್ಲಿ ನಿಮ್ಮ ಹಿರಿಯರೊಬ್ಬರು ಕನ್ನಡಕ ಇಳಿಸಿ ಕೇಳಿದರಂತೆ:

“ಇಷ್ಟು ಮಾರ್ಕ್ಸ್ ಇದ್ದೂ ಟೀಚರ್ ಯಾಕೆ ಮಾರಾಯ್ತಿ? ಮನೆಯಲ್ಲಿ ಏನಾದರೂ ತೊಂದರೆ ಉಂಟಾ?”

“ಇಲ್ಲ ಸರ್, ಕಲಿಸುವುದು ಅಂದ್ರೆ ಇಷ್ಟ.”

“ಇಷ್ಟ ಇದ್ದರೆ ಟ್ಯೂಷನ್ ಕೊಡು. ಓದುವುದು ಇಂಜಿನಿಯರಿಂಗೇ ಓದು. ದಾನಿಗಳ ಹಣ ನೋಡು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗಬಾರದು.”

ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಮಹಾರಾಷ್ಟ್ರದಲ್ಲಿ ಟೀಚರ್ ಆಗುವ ದಾರಿ ಬಲ್ಲವರೇ ಆಡಬಹುದಾದ ಮಾತದು. ಮೂರು ವರ್ಷ ಬಿ.ಎಸ್ಸಿ., ಮೇಲೆರಡು ವರ್ಷ ಬಿ.ಇಡಿ. ಎಂಟನೆಯ ತರಗತಿಯವರೆಗೆ ಕಲಿಸಬೇಕಿದ್ದರೆ ಟಿಇಟಿ ಎಂಬ ಅರ್ಹತಾ ಪರೀಕ್ಷೆ. ಆಮೇಲೆ ನೇಮಕಾತಿಗೆ ಟೇಟ್ ಎಂಬ ಇನ್ನೊಂದು ಪರೀಕ್ಷೆ. ಈ ಟೇಟ್ ಮೊದಲ ಸಲ ನಡೆದದ್ದು 2017ರ ಕೊನೆಗೆ, ಎರಡನೆಯ ಸಲ 2023ರಲ್ಲಿ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಕಾಯುವಷ್ಟು ಕಾಯಬೇಕಾಗಿ ಬರಲಿಲ್ಲ ಎಂಬುದಷ್ಟೇ ಸಮಾಧಾನ. ಅದನ್ನು ಬರೆದ ಮೇಲೆ ಶಿಕ್ಷಕರ ನೇಮಕಾತಿಯ ‘ಪವಿತ್ರ’ ಪೋರ್ಟಲ್ಲಿನಲ್ಲಿ ಹೆಸರು ನೋಂದಾಯಿಸಿ ಮತ್ತೆ ಕಾಯುವುದು. ಇಷ್ಟಾದ ಮೇಲೆ ಕೆಲಸ ಸಿಕ್ಕಿದರೆ ಆಕೆ ಟೀಚರಲ್ಲ, ‘ಶಿಕ್ಷಣ ಸೇವಕಿ’. ಮೂರು ವರ್ಷ ಸೇವೆ, ಸಂಬಳವಲ್ಲ, ಮಾನಧನ. ಪ್ರೌಢಶಾಲೆಗೆ ಅದು ತಿಂಗಳಿಗೆ ಹದಿನೆಂಟು ಸಾವಿರ; ಅದೂ 2023ರಲ್ಲಿ ಏರಿಸಿದ ಮೇಲೆ. ಅದಕ್ಕೆ ಮೊದಲು ಎಂಟು ಸಾವಿರವಿತ್ತು. ಎಂಟು ಸಾವಿರಕ್ಕೆ ನಿಮ್ಮಲ್ಲನೇಕರ ಹೋಟೆಲುಗಳಲ್ಲಿ ಸಪ್ಲೈಯರ್ ಹುಡುಗ ನಿಲ್ಲುತ್ತಿದ್ದನೇ ಎಂದು ಗಲ್ಲಾದಲ್ಲಿ ಕೂತವರನ್ನೇ ಕೇಳಿ ನೋಡಿ.

ಈ ದಾರಿಗೊಂದು ಒಳದಾರಿಯೂ ಇತ್ತು. 2019–20ರ ಟಿಇಟಿಯಲ್ಲಿ ಅಂಕ ತಿದ್ದಿಸಿಕೊಂಡು ಪಾಸಾದವರೆಂದು ಏಳು ಸಾವಿರಕ್ಕೂ ಹೆಚ್ಚು ಮಂದಿಯನ್ನು ಆಮೇಲೆ ಅನರ್ಹಗೊಳಿಸಿದರು. ಆ ಪರೀಕ್ಷೆ ನಡೆಸುವ ರಾಜ್ಯ ಪರೀಕ್ಷಾ ಪರಿಷತ್ತಿನ ಆಯುಕ್ತರನ್ನೇ ಪುಣೆ ಪೊಲೀಸರು ಬಂಧಿಸಿದ್ದರು. ಟೀಚರಾಗಲು ವಿದ್ಯಾರ್ಥಿವೇತನ ಕೊಡುವವರು ಕಾಣದ ರಾಜ್ಯದಲ್ಲಿ ಟೀಚರಾಗಲು ಲಂಚ ಕೊಡುವವರು ಸಾವಿರಗಟ್ಟಲೆ ಸಿಕ್ಕಿದರು. ಹೂಡಿಕೆ ಎಂದರೆ ಏನೆಂದು ಅವರಿಂದಲಾದರೂ ಕಲಿಯಬಹುದಿತ್ತು.

ಸರ್ಕಾರ ಕೊಡುವುದಿಲ್ಲವೇ ಎಂದು ನೀವು ಕೇಳಬಹುದು. ಕೊಡುತ್ತದೆ, ವಿಜ್ಞಾನಿಗಳಾಗುವವರಿಗೆ. ಕೇಂದ್ರದ ‘ಇನ್‌ಸ್ಪೈರ್’ ಯೋಜನೆಯಲ್ಲಿ ಮೂಲವಿಜ್ಞಾನ ಓದುವ ಸಾವಿರಾರು ಮಂದಿಗೆ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ಬೇಸಿಗೆಯ ಸಂಶೋಧನೆಗೆ. ಒಳ್ಳೆಯ ಯೋಜನೆಯೇ. ಆ ಸಾವಿರಾರು ಮಂದಿಗೆ ಎಂಟನೆಯ ತರಗತಿಯಲ್ಲಿ ಬೀಜಗಣಿತ ಹೇಳಿಕೊಟ್ಟವರು ಎಲ್ಲಿಂದ ಬರಬೇಕು ಎಂಬುದು ಬೇರೆ ಇಲಾಖೆಯ ಕೆಲಸ. ಆ ಬೇರೆ ಇಲಾಖೆಯೂ ಸುಮ್ಮನೆ ಕೂತಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ 5.2ನೆಯ ಪ್ಯಾರಾ ತೆಗೆದು ನೋಡಿ: ಪ್ರತಿಭಾವಂತರು ಶಿಕ್ಷಕ ವೃತ್ತಿಗೆ ಬರುವಂತೆ, ಅದರಲ್ಲೂ ಹಳ್ಳಿಗಾಡಿನಿಂದ ಬರುವಂತೆ, ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ. ಓದಲು ದೇಶದುದ್ದಕ್ಕೂ ದೊಡ್ಡ ಸಂಖ್ಯೆಯಲ್ಲಿ ವಿದ್ಯಾರ್ಥಿವೇತನ ಸ್ಥಾಪಿಸಲಾಗುವುದು ಎಂದಿದೆ. ಕೋರ್ಸು 2023–24ರಲ್ಲಿ ಶುರುವಾಯಿತು. ಆ ವಿದ್ಯಾರ್ಥಿವೇತನ ಪಡೆದವರು ನಮ್ಮ ಕಡೆ ಯಾರಾದರೂ ಇದ್ದರೆ ತಿಳಿಸಿ, ಶಾಲು ಹೊದಿಸೋಣ.

ಈ ಊರಿಗೆ ತಿಳಿವಳಿಕೆಯ ಬರವೇನಿಲ್ಲ. ಮಾನ್‌ಖುರ್ದ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. 1974ರಿಂದ ಮಕ್ಕಳು ವಿಜ್ಞಾನ, ಗಣಿತ ಕಲಿಯುವಾಗ ಎಲ್ಲಿ ಮುಗ್ಗರಿಸುತ್ತಾರೆ ಎಂಬುದನ್ನೇ ಅದು ನೋಡುತ್ತ ಬಂದಿದೆ. 1980ರ ದಶಕದಲ್ಲಿ ಮುಂಬಯಿ ಪಾಲಿಕೆ ಶಾಲೆಗಳ ದಲಿತ ಮಕ್ಕಳನ್ನು ಕರೆದುಕೊಂಡು, ಭಾಷೆಯ ತೊಡಕು ಬಿಡಿಸಿ, ವಿಜ್ಞಾನ ಗಣಿತವನ್ನು ಸರಿಯಾಗಿ ಹೇಳಿಕೊಟ್ಟಾಗ ಎಸ್ಸೆಸ್ಸಿಯಲ್ಲಿ ಅವರ ಅಂಕಗಳು ಮೇಲೇರಿದವು. ಮಕ್ಕಳು ಅವರೇ, ಶಾಲೆ ಅದೇ. ಬದಲಾದದ್ದು ಕಲಿಸಿದ ರೀತಿ. ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲೊಂದು. ಆ ಶಾಲೆಗಳು ಮುಚ್ಚುತ್ತಿವೆ ಎಂದು ಪ್ರತಿ ರಾಜ್ಯೋತ್ಸವದಲ್ಲಿ ನೀವು ಕಣ್ಣೀರು ಹಾಕುತ್ತೀರಿ. ಮಕ್ಕಳಿಲ್ಲವೆಂದು ಟೀಚರ್ ಹುದ್ದೆ ರದ್ದು, ಟೀಚರ್ ಇಲ್ಲವೆಂದು ಮಕ್ಕಳು ಪಕ್ಕದ ಇಂಗ್ಲಿಷ್ ಶಾಲೆಗೆ. ಕಣ್ಣೀರಿಗೆ ಖರ್ಚಿಲ್ಲ, ನಿಜ.

ಇನ್ನು ನಿಮ್ಮ ಭಾಷಣದ ವಿಷಯ. ವೇದಿಕೆಯಲ್ಲಿರುವ ಹಿರಿಯರಲ್ಲಿ ಹಲವರು ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿ, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು. ಇದರ ಬಗ್ಗೆ ನನಗೆ ತಮಾಷೆ ಮಾಡುವ ಮನಸ್ಸಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಮೊಗವೀರರು ಮತ್ತು ಅವರ ಹಿಂದೆ ಇತರರು ಕಟ್ಟಿದ ರಾತ್ರಿಶಾಲೆಗಳಿಲ್ಲದಿದ್ದರೆ ಫೋರ್ಟಿನ ಹೋಟೆಲ್ ಹುಡುಗರು ಫೋರ್ಟಿನ ಆಫೀಸುಗಳಿಗೆ ಏರುತ್ತಿರಲಿಲ್ಲ. ರಾತ್ರಿ ಹತ್ತು ಗಂಟೆಗೆ, ನಿದ್ದೆ ತೂಗುವ ಹುಡುಗನನ್ನು ಎಬ್ಬಿಸಿ ಚಕ್ರಬಡ್ಡಿ ಲೆಕ್ಕ ಮಾಡಿಸಿದ ಮಾಸ್ಟ್ರನ್ನು ನೀವು ಪ್ರತಿ ವರ್ಷ ಗದ್ಗದಿತರಾಗಿ ನೆನೆಯುತ್ತೀರಿ. ಅವರ ಹೆಸರಿನಲ್ಲಿ ದತ್ತಿನಿಧಿಯನ್ನೂ ಇಟ್ಟಿದ್ದೀರಿ. ಆ ನಿಧಿಯ ಬಡ್ಡಿ ಮಾತ್ರ ಪ್ರತಿ ವರ್ಷ ಕಂಪ್ಯೂಟರ್ ಇಂಜಿನಿಯರಿಂಗಿನ ವಿದ್ಯಾರ್ಥಿಗೆ. ಮಾಸ್ಟ್ರ ಫೋಟೊಗೆ ಹಾರ, ಮಾಸ್ಟ್ರಾಗಲು ಬಂದವಳಿಗೆ ‘ಇತರೆ’.

ಅಮೆರಿಕದ ಮಾತೆಂದರೆ ನಿಮಗೆ ಇಷ್ಟವೆಂದು ಅದನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರ್ ಚಿಪ್ ತಯಾರಿಸುವ ಇಂಟೆಲ್ ಕಂಪನಿ ಕಟ್ಟಿದವರಲ್ಲೊಬ್ಬರಾದ ರಾಬರ್ಟ್ ನಾಯ್ಸ್ ಹೆಸರಿನಲ್ಲಿ ಅಲ್ಲಿ 2002ರಿಂದ ಒಂದು ವಿದ್ಯಾರ್ಥಿವೇತನವಿದೆ. ವಿಜ್ಞಾನ, ಗಣಿತ ಓದುವ ಕಾಲೇಜು ವಿದ್ಯಾರ್ಥಿಗಳು ಶಾಲಾ ಶಿಕ್ಷಕರಾಗುವುದಕ್ಕೆಂದೇ ಹಣ. ಒಂದು ವರ್ಷ ವೇತನ ಪಡೆದರೆ ಎರಡು ವರ್ಷ ಕೊರತೆಯಿರುವ ಶಾಲೆಯಲ್ಲಿ ಕಲಿಸಬೇಕು, ಇಲ್ಲವಾದರೆ ಪಡೆದದ್ದು ಸಾಲವಾಗುತ್ತದೆ. ಚಿಪ್ಪಿನ ದೇಶಕ್ಕೇ ಚಿಪ್ ಮಾಡುವವರಿಗಿಂತ ಮೊದಲು ಲೆಕ್ಕ ಹೇಳಿಕೊಡುವವರು ಬೇಕಾದರು. ಈ ಷರತ್ತು ವ್ಯಾಪಾರಸ್ಥರಾದ ನಿಮಗೆ ಹಿಡಿಸಬೇಕು.

ನೀವು ಹೇಗೂ ಲೆಕ್ಕದ ಜನ, ಒಂದು ಲೆಕ್ಕ ಮಾಡೋಣ. ಇನ್‌ಸ್ಪೈರ್ ದರದಲ್ಲೇ ವರ್ಷಕ್ಕೆ 80,000ದಂತೆ ಐದು ವರ್ಷ ಕೊಟ್ಟರೆ ಒಬ್ಬ ಟೀಚರಿಗೆ ನಾಲ್ಕು ಲಕ್ಷ. ಆಕೆ ವರ್ಷಕ್ಕೆ ಹೊಸ ನೂರು ಮಕ್ಕಳಿಗೆ ಕಲಿಸಿದರೂ ಮೂವತ್ತು ವರ್ಷಕ್ಕೆ ಮೂರು ಸಾವಿರ ಮಕ್ಕಳು. ತಲಾ ನೂರಮೂವತ್ತಮೂರು ರೂಪಾಯಿ. ವಿತರಣಾ ಸಮಾರಂಭದ ಊಟಕ್ಕೆ ತಟ್ಟೆಯೊಂದಕ್ಕೆ ಎಷ್ಟು ಕೊಟ್ಟಿರಿ ಎಂದು ಖಜಾಂಚಿಯವರನ್ನು ವಿಚಾರಿಸಿ.

ಹುಡುಗಿ ಬಿ.ಎಸ್ಸಿ.ಗೆ ಸೇರಿದ್ದಾಳೆ. ನಿಮ್ಮ ಹಿರಿಯರ ಸಲಹೆಯಂತೆ ಟ್ಯೂಷನ್ನೂ ಕೊಡುತ್ತಾಳೆ, ಶುಲ್ಕ ಕಟ್ಟಬೇಕಲ್ಲ.

ಮುಂದಿನ ವರ್ಷದ ಅರ್ಜಿ ನಮೂನೆ ಏಪ್ರಿಲ್, ಮೇ ಹೊತ್ತಿಗೆ ಅಚ್ಚಿಗೆ ಹೋಗುತ್ತದೆ. ಅದರಲ್ಲಿ ‘ವಿಜ್ಞಾನ, ಗಣಿತ ಶಿಕ್ಷಕ ತರಬೇತಿ’ ಎಂದು ಒಂದು ಚೌಕ ಹಾಕಿಸಿ. ಮಾಸ್ಟ್ರ ಹೆಸರಿನ ದತ್ತಿನಿಧಿಯ ಬಡ್ಡಿಯನ್ನು ಆ ಚೌಕಕ್ಕೆ ಗುರುತು ಹಾಕಿದವರಿಗೇ ಕೊಡಿ, ಐದು ವರ್ಷ ಬಿಡದೆ ಕೊಡಿ. ಬೇಕಾದರೆ ಥರ್ಮೋಕೋಲಿನ ಚೆಕ್ಕೂ ಇರಲಿ.

ಇತಿ ತಮ್ಮ ವಿಧೇಯ,
ಹಿಂದಿನ ಸಾಲಿನ ಸಭಿಕ
ಮುಲುಂಡ್, ಮುಂಬಯಿ